ಅಗಸೆ ಎಣ್ಣೆಯೂ ಏಳು ಜನ ಮಾದೇವರೂ

ಬೋರ್ಡು ಬರೆಯುವವನಿಗೆ ಬೋರ್ಡಿನಿಂದ ಯಾವ ತೊಂದರೆಯೂ ಇಲ್ಲ. ಅದು ಮೊಳೆಗೆ ನೇತುಹಾಕಿದ ಜಾಗದಲ್ಲಿ ತೆಪ್ಪಗಿರುತ್ತದೆ. ಹೆಸರು ಬರೆಸಿಕೊಂಡದ್ದು ಎದ್ದು ಓಡಾಡುವುದಕ್ಕೆ ಶುರುಮಾಡಿದರೆ ಮಾತ್ರ ಇಂಥ ಪ್ರಸಂಗಗಳು ನಡೆಯುತ್ತವೆ. ನನ್ನ ಪಾಲಿಗಂತೂ ಒಂದರ ಬಾಲ ಹಿಡಿದುಕೊಂಡು ಇನ್ನೊಂದು ನಡೆದವು.

ಬೋರ್ಡೆಲ್ಲ ಮುಗಿದ ಮೇಲೆ

ಕೊಳ್ಳೇಗಾಲ ಮದರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಒಂದಷ್ಟು ವರ್ಷ ನನ್ನ ಕುಂಚಕ್ಕೆ ಬಿಡುವಿರಲಿಲ್ಲ. ತಮಿಳಿನಲ್ಲಿದ್ದ ಬೋರ್ಡುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿದ್ದು ನಾನೇ. ಕೊನೆಗೆ ಒಂದು ದಿನ ಬರೆಯಲು ಬೋರ್ಡೇ ಉಳಿಯಲಿಲ್ಲ. ನನಗೆ ಹೆಣ್ಣು ನೋಡಿದ್ದು ಸರಿಯಾಗಿ ಆ ಹೊತ್ತಿಗೆ.

ಹೆಣ್ಣು ಅಜ್ಜೀಪುರದವಳು. ನೋಡಿದ ದಿನ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಉಗುರಿಗೆ ಮೆತ್ತಿದ್ದ ಕೆಂಪು ಬಣ್ಣ ನೋಡಿ ನಕ್ಕಿದ್ದಳು. ಆ ನಗು ನನಗೆ ಬೇಕೇ ಬೇಕು ಅನ್ನಿಸಿಬಿಟ್ಟಿತ್ತು. ಅವಳ ಅಪ್ಪ ಜಮೀನು ಮನೆ ಇರುವ ಯಜಮಾನರು, ಮಾತಿನಲ್ಲಿ ಬಲು ಬಿಗಿ. ಅಂಗಡಿಗೆ ಬಂದವರು ನಿಂತ ನಿಲುವಿನಲ್ಲೇ ಕೇಳಿದರು.

"ಊರ್ನ ಬೋರ್ಡೆಲ್ಲ ಬರ್ದ್ ಆಯ್ತಲ್ಲಪ್ಪ. ನಾಳಿಂದ ಏನ್ ಬರ್ದೀಯೆ?"

ಅಷ್ಟರಲ್ಲಿ ಶಾಲೆಯ ಹುಡುಗರಿಗೆ ಫುಟ್‌ಬಾಲ್ ಆಡಿಸುವ ಡ್ರಿಲ್ ಮೇಷ್ಟ್ರು ಹನ್ನೊಂದು ಹಳದಿ ಬನಿಯನ್ನುಗಳ ಗಂಟು ತಂದು ಮೇಜಿನ ಮೇಲೆ ಹಾಕಿ, "ಭಾನುವಾರ ಹನೂರಲ್ಲಿ ಮ್ಯಾಚು. ಆಟಗಾರರ ಬೆನ್ನಿಗೆ ಹೆಸರು ಬರೀಬೇಕು" ಎಂದರು. ಅವರು ಮೊದಲು ನಂಬರು ಹಾಕಿಸಲು ಹೊರಟಿದ್ದರಂತೆ. ಹುಡುಗರ ಅಪ್ಪಂದಿರು ಗುಂಪುಕಟ್ಟಿಕೊಂಡು ಬಂದು, "ನಂಬ್ರು ಆಕಕೆ ನಮ್ ಐಕ್ಳೇನ್ ಜೈಲಲ್ಲವ್ರಾ ಸಾ?" ಎಂದು ಜಗಳಕ್ಕೇ ನಿಂತರಂತೆ.

ನನಗೆ ದೇವರೇ ಬಂದ ಹಾಗಾಯಿತು. "ನೋಡಿ ಯಜಮಾನ್ರೇ, ಬೋರ್ಡು ಮುಗುದ್ರೆ ಬೆನ್ನವೆ" ಎಂದೆ.

ಅವರು ಬನಿಯನ್ನನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಭಾನ್ವಾರ ನಾನೂ ಹನೂರ್ಗೆ ಬತ್ತೀನಿ. ನಿನ್ ಕೆಲ್ಸ ಕಣ್ಣಾರ ನೋಡ್ಬುಟ್ಟೇ ಮಾತು."

ಹೀಗೆ ನನ್ನ ಮದುವೆ ಹನ್ನೊಂದು ಜನರ ಬೆನ್ನಿನ ಮೇಲೆ ಬಂದು ಕೂತಿತು.

ಹೆಸರಿನ ಪಟ್ಟಿ

"ಹೆಸರು ಹೇಳಿ ಸಾರ್" ಎಂದು ಸೀಮೆಸುಣ್ಣ ಹಿಡಿದು ಕೂತೆ.

"ಮಾದೇವ" ಎಂದರು ಮೇಷ್ಟ್ರು. ಗುರುತು ಹಾಕಿದೆ. "ಮಾದೇವ" ಎಂದರು. ಆಗಲೇ ಹಾಕಿದೆ ಎಂದೆ. "ಇವನು ಬೇರೆ ಮಾದೇವ" ಎಂದರು. ಹಾಗೆ ಬೇರೆ ಬೇರೆ ಮಾದೇವರು ಒಟ್ಟು ಏಳು ಜನರಾದರು.

ನಮ್ಮ ಸೀಮೆಯಲ್ಲಿ ಇದೇನು ಅತಿಶಯವಲ್ಲ. ಬೆಟ್ಟದ ಮಾದಪ್ಪನಿಗೆ ಹರಕೆ ಹೊರದೆ ಗಂಡುಮಗು ಹುಟ್ಟಿದ ಮನೆ ಹುಡುಕಿದರೂ ಸಿಗದು. ಹರಕೆಯಿಂದ ಹುಟ್ಟಿದವನಿಗೆ ಆ ದೇವರ ಹೆಸರೇ. ನಾನೂ ಹರಕೆಯ ಮಾದೇವನೇ. ಊರ ಹೆಸರು ಸೇರಿಸೋಣವೆಂದರೆ 'ಹೂಗ್ಯಂ ಮಾದೇವ' ಅಷ್ಟು ಸಣ್ಣ ಬೆನ್ನಿನಲ್ಲಿ ಹಿಡಿಸುತ್ತಿರಲಿಲ್ಲ. ಅಡ್ಡಹೆಸರು ಬರೆಯೋಣವೆಂದರೆ ಒಬ್ಬನ ಅಡ್ಡಹೆಸರೂ ಹೆಂಗಸರು ಓಡಾಡುವ ಕಡೆ ತೋರಿಸುವಂಥದ್ದಲ್ಲ. ಹೆಸರು ಬಿಟ್ಟುಕೊಡಲು ಯಾರೂ ತಯಾರಿಲ್ಲ.

"ಅರ್ಕೆ ಎಸ್ರು ಸಾ. ಒಂದ್ ಮ್ಯಾಚ್ಗೋಸ್ಕರ ಬುಟ್ಬುಟ್ರೆ ಬೆಟ್ಟದಪ್ಪ ಬುಟ್ಟಾನಾ?" ಎಂದ ಗೋಲ್‌ಕೀಪರ್.

ಮೇಷ್ಟ್ರು ತಲೆ ಹಿಡಿದುಕೊಂಡು ಕೂತರು. "ಎಲ್ಲರೂ ಒಂದೇ ಥರ ಕಾಣ್ತಾರೆ, ಗುರುತು ಸಿಗಲ್ಲ ಅಂತಲ್ಲವೇನಯ್ಯ ನಾನು ಬರೆಸೋಕೆ ಬಂದದ್ದು? ಈಗ ಅದನ್ನ ಬರೆದೂ ತೋರಿಸ್ತೀವಿ."

ಎಣ್ಣೆ ಕೈಮೀರಿದ್ದು

ಬೋರ್ಡಿನ ಬಣ್ಣವನ್ನು ಬಟ್ಟೆಗೆ ಹಚ್ಚಿದರೆ ಒಣಗಿ ಗಟ್ಟಿಯಾಗಿ ಹಪ್ಪಳದಂತೆ ಮುರಿಯುತ್ತದೆ. ಯಜಮಾನರ ಕಣ್ಣೆದುರಿಗೆ ಅಕ್ಷರ ಉದುರಿದರೆ ಹೆಣ್ಣೂ ಹೋದಂತೆಯೇ. ಬಣ್ಣ ಮೆತ್ತಗಿರಲಿ, ಹೊಳೆಯಲಿ ಎಂದು ಅಗಸೆ ಎಣ್ಣೆ ಬೆರೆಸಿದೆ. ಆ ಹುಡುಗಿಯ ನಗು ನೆನಪಾಗಿ ಇನ್ನಷ್ಟು ಬೆರೆಸಿದೆ. ಶುಕ್ರವಾರ ಬೆಳಿಗ್ಗೆ ಬರೆದು ಮುಗಿಸಿದಾಗ ಹನ್ನೊಂದು ಹಳದಿ ಬನಿಯನ್ನುಗಳ ಮೇಲೆ ಕೆಂಪು ಅಕ್ಷರ ಫಳಫಳ ಹೊಳೆಯುತ್ತಿದ್ದವು.

ಶನಿವಾರವೂ ಫಳಫಳ ಹೊಳೆಯುತ್ತಿದ್ದವು. ಭಾನುವಾರ ಬೆಳಿಗ್ಗೆ ಮುಟ್ಟಿ ನೋಡಿದೆ, ಬೆರಳು ಅಂಟಿತು. ಎಣ್ಣೆ ಹೆಚ್ಚಾದ ಬಣ್ಣ ವಾರವಾದರೂ ಒಣಗದು ಎಂಬುದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯವೇ. ಪ್ರೀತಿಯಲ್ಲಿ ಮರೆತಿದ್ದೆ. ಬನಿಯನ್ನು ಮಡಿಸಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಉಳಿದದ್ದು ಒಂದೇ ದಾರಿ, ಹುಡುಗರೇ ತೊಟ್ಟುಕೊಂಡು ಹನೂರಿನವರೆಗೆ ಬಸ್ಸಿನಲ್ಲಿ ಬರುವುದು.

"ಯಾರೂ ಸೀಟಿಗೆ ಒರಗಬಾರದು" ಎಂದು ಮೇಷ್ಟ್ರು ಆಜ್ಞೆ ಮಾಡಿದರು. ಹನ್ನೊಂದು ಜನ ಮುಂದಿನ ಸೀಟಿನ ಕಂಬಿ ಹಿಡಿದು ಬಗ್ಗಿ ಕೂತರು. ಕಂಡಕ್ಟರು ಒಬ್ಬೊಬ್ಬರನ್ನೂ ನೋಡಿಕೊಂಡು ಬಂದು ನನ್ನ ಕಿವಿಯಲ್ಲಿ ಕೇಳಿದ. "ಎಲ್ರಿಗೂ ಒಟ್ಗೇ ಒಟ್ಟೆನೋವು ಬಂದದಾ? ಕಾಮಗೆರೆ ಆಸ್ಪತ್ರೆ ತಾವ ಇಳಿಸ್ಬುಡ್ಲಾ?"

ಕಾಮಗೆರೆಯಲ್ಲಿ ಹತ್ತಿದವರು

ಕಾಮಗೆರೆಯಲ್ಲಿ ಬಸ್ಸು ನಿಂತಿತು. ಹುಡುಗರು ಇಳಿಯಲಿಲ್ಲ, ಯಜಮಾನರು ಹತ್ತಿದರು. ನೆಂಟರ ಮನೆಯಿಂದ ನೇರ ಮ್ಯಾಚಿಗೆ ಹೊರಟಿದ್ದರು. ಮೈಮೇಲೆ ಹಾಲಿನಂಥ ಬಿಳಿ ಅಂಗಿ.

ಜೊತೆಗೆ ಇನ್ನೂ ಹತ್ತಾರು ಜನ ನುಗ್ಗಿದರು. ವಯಸ್ಸಾದ ಒಬ್ಬಾಕೆಗೆ ಜಾಗ ಕೊಡಲು ಗೋಲ್‌ಕೀಪರ್ ಎದ್ದು ನಿಂತ. ಯಜಮಾನರೂ ನಿಂತೇ ಇದ್ದರು, ಅವನಿಗೆ ಬೆನ್ನು ಮಾಡಿಕೊಂಡು. ಇಬ್ಬರ ಬೆನ್ನುಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ. ನಾನು ಆ ಜಾಗವನ್ನೇ ನೋಡುತ್ತ ಮನಸ್ಸಿನಲ್ಲಿ ಮಾದಪ್ಪನಿಗೆ ಮುಡಿ ಕೊಡುತ್ತೇನೆಂದೆ. ಅಷ್ಟರಲ್ಲಿ ಒಂದು ಎತ್ತಿನ ಗಾಡಿ ಅಡ್ಡ ಬಂತು. ಡ್ರೈವರು ಬ್ರೇಕು ಹಾಕಿದ.

ಇಬ್ಬರೂ ಬೇರೆಯಾದಾಗ ಯಜಮಾನರ ಬಿಳಿ ಅಂಗಿಯ ಬೆನ್ನಿನ ಮೇಲೆ 'ಮಾದೇವ' ಕೆಂಪಗೆ ಮೂಡಿತ್ತು. ಕನ್ನಡಿಯೊಳಗಿನ ಅಕ್ಷರದ ಹಾಗೆ ತಿರುವುಮುರುವಾಗಿ, ಆದರೆ ಒಂದು ಗೆರೆಯಷ್ಟೂ ಅಳಿಸದೆ. ಮಾವನಾಗಬೇಕಾದವರ ಬೆನ್ನಿಗೆ ನನ್ನದೇ ಹೆಸರು.

ಅವರಿಗೆ ಗೊತ್ತಾಗಲಿಲ್ಲ. ನನ್ನ ಕಡೆ ತಿರುಗಿ, "ಬಸ್ಸಲ್ಲೇನಪ್ಪ ಬಣ್ಣದ್ ವಾಸ್ನೆ?" ಎಂದರು.

"ಬಸ್ಸಿಗೇ ಒಸಾ ಬಣ್ಣ ಒಡ್ದವ್ರೆ ಯಜಮಾನ್ರೇ" ಎಂದೆ.

ಅವರು ಮೇಲೆ ಕೆಳಗೆ ನೋಡಿದರು. ಆ ಬಸ್ಸು ಬಣ್ಣ ಕಂಡು ಒಂದು ಕಾಲವಾಗಿತ್ತು.

ರೆಫರಿಯ ಪುಸ್ತಕ

ಹನೂರಿನ ಮೈದಾನದಲ್ಲಿ ಆಟ ಶುರುವಾದಾಗಿನಿಂದ ನಾನು ಯಜಮಾನರ ಬೆನ್ನ ಹಿಂದೆ ಗೋಡೆಯಂತೆ ನಿಂತೆ. ಯಾರ ಕಣ್ಣಿಗೂ ಆ ಅಕ್ಷರ ಬೀಳಬಾರದು. ಅವರು ಎಡಕ್ಕೆ ಹೋದರೆ ನಾನೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ.

"ನನ್ ಬೆನ್ನಿಂದೇನೇ ನಿಂತ್ಕಂಡು ಏನ್ ನೋಡ್ತಿದ್ದೀಯಪ್ಪ? ಮುಂದಕ್ ಬಾ."

"ಇಲ್ಲೇ ಚೆನ್ನಾಗ್ ಕಾಣ್ತದೆ ಯಜಮಾನ್ರೇ."

ಅತ್ತ ಮೈದಾನದಲ್ಲಿ ಇನ್ನೊಂದು ರಾದ್ಧಾಂತ. ರೆಫರಿಯಾಗಿ ಬಂದವರು ಯಳಂದೂರಿನ ಒಬ್ಬ ಮೇಷ್ಟ್ರು, ಬಹಳ ಶಿಸ್ತಿನ ಮನುಷ್ಯ. ತಪ್ಪು ಆಡಿದವನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅದೇ ಹೆಸರು ಎರಡನೇ ಸಲ ಬಂದರೆ ಆಟದಿಂದ ಆಚೆಗೆ. ನಮ್ಮ ಒಬ್ಬ ಹುಡುಗ ಒಬ್ಬನನ್ನು ತಳ್ಳಿದ. ಅವನ ಬೆನ್ನು ನೋಡಿ 'ಮಾದೇವ' ಎಂದು ಬರೆದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಕಾಲು ಅಡ್ಡ ಕೊಟ್ಟ. ಬೆನ್ನು ನೋಡಿದರು, ಪುಸ್ತಕ ನೋಡಿದರು.

"ನಿನಗೆ ಆಗಲೇ ಹೇಳಿದ್ದೆ. ನಡಿ ಆಚೆಗೆ."

"ಅವ್ನ್ ನಾನಲ್ಲ ಸಾ."

"ಮತ್ತೆ ಅವನ್ಯಾರು?"

ಆರು ಜನ ಮಾದೇವರು ಓಡಿ ಬಂದು ಬೆನ್ನು ತಿರುಗಿಸಿ ಸಾಲಾಗಿ ನಿಂತರು. ರೆಫರಿ ಆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ಓದಿದರು. ಆಮೇಲೆ ಹನೂರಿನವರ ಕಡೆ ತಿರುಗಿ, "ನಿಮ್ಮಲ್ಲಿ ಮಾದೇವ ಯಾರಪ್ಪ?" ಎಂದು ಕೇಳಿದರು. ಅವರಲ್ಲಿ ಐದು ಕೈ ಎದ್ದವು. ರೆಫರಿ ಪುಸ್ತಕದ ಹಾಳೆ ಹರಿದು ಜೇಬಿಗಿಟ್ಟುಕೊಂಡು ಸೀಟಿ ಊದಿದರು.

ಕಾಲು ತಾಗಿದ್ದು

ಆಟ ಮುಗಿಯುವ ಹೊತ್ತು. ಇನ್ನೂ ಯಾರಿಗೂ ಗೋಲಿಲ್ಲ. ನಮ್ಮ ಒಬ್ಬ ಮಾದೇವ ಚೆಂಡಿನ ಹಿಂದೆ ಓಡಿ ಅವರ ಗೋಲಿನ ಮುಂದೆ ಬೋರಲು ಬಿದ್ದ. ಚೆಂಡು ಒದ್ದು ದೂರ ಕಳಿಸಲು ಬಂದ ಹನೂರಿನ ಹುಡುಗನ ಕಾಲು ಇವನ ಬೆನ್ನಿಗೆ ತಾಗಿತು, ಸರಿಯಾಗಿ ಹೆಸರಿನ ಮೇಲೆ.

ಆ ಹುಡುಗ ನಿಂತುಬಿಟ್ಟ. ಬೆಟ್ಟದಪ್ಪನ ಹೆಸರಿಗೆ ಕಾಲು ತಾಗಿದ ಮೇಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಹೇಗೆ ಇದ್ದಾನು? ಬಗ್ಗಿ ಬೆನ್ನು ಮುಟ್ಟಿ ಒಂದು ಕಣ್ಣಿಗೆ ಒತ್ತಿಕೊಂಡ, ಮತ್ತೆ ಮುಟ್ಟಿ ಇನ್ನೊಂದು ಕಣ್ಣಿಗೆ ಒತ್ತಿಕೊಂಡ. ಅಷ್ಟರಲ್ಲಿ ಇನ್ನೊಬ್ಬ ಮಾದೇವ ಚೆಂಡನ್ನು ಗೋಲಿನೊಳಕ್ಕೆ ಕಳಿಸಿಯಾಗಿತ್ತು. ಗೋಲು ಹೊಡೆದದ್ದು ನಮ್ಮವರಾದರೂ ಹನೂರಿನ ಜನಕ್ಕೆ ಬಾಯಿ ತಡೆಯಲಾಗಲಿಲ್ಲ. "ಉಘೇ ಉಘೇ ಮಾದಪ್ಪ!" ಎಂದು ಮೈದಾನವೇ ಕೂಗಿತು. ಕಣ್ಣಿನ ಸುತ್ತ ಕೆಂಪು ಬಣ್ಣ ಮೆತ್ತಿಕೊಂಡ ಆ ಹುಡುಗನೂ ಕೂಗಿದ.

ಯಜಮಾನರು ಎರಡೂ ಕೈ ಎತ್ತಿ ನನ್ನ ಮರೆಯಿಂದ ಆಚೆಗೆ ಹಾರಿದರು. ಹಿಂದಿದ್ದ ಮುದುಕರೊಬ್ಬರು ಅವರ ಬೆನ್ನು ನೋಡಿ ಗಟ್ಟಿಯಾಗಿ ಕೇಳಿದರು. "ಈ ವಯ್ಸಲ್ಲಿ ಇವ್ರ್ನೂ ಆಟಕ್ಕೆ ಸೇರಿಸ್ಕಂಡವ್ರಾ?"

ನಾನು ಅಲ್ಲಿ ನಿಲ್ಲಲಿಲ್ಲ. ಸಿಕ್ಕಿದ ಬಸ್ಸು ಹತ್ತಿ ಊರಿಗೆ ಬಂದುಬಿಟ್ಟೆ.

ಅಂಗಿ ತಿರುಗಿ ಬಂತು

ಹತ್ತು ದಿನ ಅಜ್ಜೀಪುರದಿಂದ ಸುದ್ದಿಯಿಲ್ಲ. ಹನ್ನೊಂದನೆಯ ದಿನ ಯಜಮಾನರು ಅಂಗಡಿಗೆ ಬಂದರು. ಕಂಕುಳಲ್ಲಿ ಅದೇ ಅಂಗಿ. ಮೇಜಿನ ಮೇಲೆ ಹರಡಿದರು. ನಾನು ಎದ್ದು ನಿಂತು ಕೈಕಟ್ಟಿಕೊಂಡೆ.

"ಇದ್ನ ಯಾರ್ ಬರ್ದದ್ದು?"

"ನಾನೇ ಯಜಮಾನ್ರೇ. ಬೇಕೂಂತ ಅಲ್ಲ."

"ನನ್ ಮಗ್ಳು ಸೀಗೆಕಾಯಾಕ್ ಒಗುದ್ಲು. ಉಳಿನೀರಾಕುದ್ಲು. ಸೀಮೆಣ್ಣೆನೂ ಆಕುದ್ಲು. ಅಂಗಿ ಸವೀತದೆ, ಬಣ್ಣ ಓಗಕಿಲ್ಲ" ಎಂದು ಅಕ್ಷರದ ಮೇಲೆ ಉಗುರಿನಿಂದ ಕೆರೆದರು. ಒಂದು ಚೂರೂ ಏಳಲಿಲ್ಲ. "ಗಟ್ಟಿ ಕೆಲ್ಸ ಕಣಪ್ಪ. ಆದ್ರೆ ಇಷ್ಟ್ ಗಟ್ಟಿಯಾಗ್ ಬರುದ್ರೆ ಎರಡ್ನೆ ಸಲ ನಿನ್ತಾವ ಯಾರ್ ಬತ್ತಾರೆ? ನನ್ ಮಗ್ಳು ಏನುಣ್ಬೇಕು?"

ನಾನು ಹೇಳಿದೆ. "ಯಜಮಾನ್ರೇ, ಬೆಟ್ಟದಪ್ಪ ಇರೋಗಂಟ ಮಾದೇವ್ರು ಉಟ್ತಾನೇ ಇರ್ತಾರೆ."

ಅವರು ಅಂಗಿ ಮಡಿಸುತ್ತ, "ನನ್ ಮಗ್ಳೂ ಅಂಗೇ ಅಂದ್ಲು" ಎಂದರು.

ನಾನು ಕೂತುಬಿಟ್ಟೆ. ಕೂತದ್ದು ಬಣ್ಣದ ಡಬ್ಬಿಯ ಮೇಲೆ ಎಂದು ಅವರು ಹೋದ ಮೇಲೆ ಗೊತ್ತಾಯಿತು.

ರೇಷನ್ ಕಾರ್ಡು

ಮದುವೆಯಾಯಿತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ನನ್ನವಳು ಅದರಲ್ಲಿ ಬಹಳ ಕಟ್ಟುನಿಟ್ಟು. ಬೆಟ್ಟಕ್ಕೆ ಹೋದಾಗ ಎಲ್ಲರೂ ಉಘೇ ಎಂದು ಹೆಸರು ಕೂಗಿದರೆ ಇವಳು ಉಘೇ ಎಂದಷ್ಟೇ ಕೂಗಿ ಬಾಯಿ ಮುಚ್ಚಿಕೊಳ್ಳುವಳು.

ಒಂದು ದಿನ ನಾನು ಯಳಂದೂರಿನಲ್ಲಿ ಒಂದು ಗೋಡೆ ಬರೆದು ಮನೆಗೆ ಬಂದರೆ, ಜಗಲಿಯ ಮೇಲೆ ಪರಸ್ಥಳದ ಗುಮಾಸ್ತರೊಬ್ಬರು ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ರೇಷನ್ ಕಾರ್ಡಿಗೆ ಮನೆ ಮನೆ ಹೆಸರು ಬರೆದುಕೊಳ್ಳಲು ಬಂದವರು. ನನ್ನವಳ ಹತ್ತಿರ ಗಂಡನ ಹೆಸರೇನೆಂದು ಕೇಳಿದ್ದಾರೆ, ಅವಳು ತಲೆ ತಗ್ಗಿಸಿದ್ದಾಳೆ. ಪಕ್ಕದ ಮನೆಯಾಕೆಯನ್ನು ಕೇಳಿದ್ದಾರೆ. ಆಕೆಯ ಗಂಡನೂ ಮಾದೇವನೇ, ಆಕೆಯೂ ತಲೆ ತಗ್ಗಿಸಿದ್ದಾಳೆ. "ಹೆಸರು ಹೇಳದಿದ್ದರೆ ಕಾರ್ಡಿಲ್ಲಮ್ಮ" ಎಂದು ಗುಮಾಸ್ತರು ಪುಸ್ತಕ ಮುಚ್ಚಿದ್ದಾರೆ.

ನಾನು ಬಾಯಿ ತೆರೆಯುವ ಮೊದಲೇ ನನ್ನವಳು ಅಡುಗೆಮನೆಯಿಂದ ಒಲೆಯ ಮೇಲಿನ ಪಾತ್ರೆ ಇಳಿಸುವ ಬಟ್ಟೆ ತಂದಳು. ಅವಳಪ್ಪನ ಆ ಅಂಗಿ. ತವರಿನಿಂದ ಅದರಲ್ಲಿ ಹಪ್ಪಳದ ಗಂಟು ಕಟ್ಟಿಕೊಂಡು ಬಂದದ್ದು ಹಾಗೇ ಉಳಿದಿತ್ತು. ಇನ್ನೊಂದು ಕೈಯಲ್ಲಿ ಕುಂಕುಮ ಇಟ್ಟುಕೊಳ್ಳುವ ಕನ್ನಡಿ. ಅಂಗಿಯ ಬೆನ್ನನ್ನು ಕನ್ನಡಿಗೆ ಹಿಡಿದು ಗುಮಾಸ್ತರ ಮುಖದ ಮುಂದಿಟ್ಟಳು.

"ಓದ್ಕಳಿ ಸಾ. ಇಷ್ಟ್ ದೊಡ್ಡದಾಗ್ ಬರ್ದಿರುವಾಗ ನಾನ್ಯಾಕ್ ಬಾಯ್ಬುಡ್ಲಿ?"

ಗುಮಾಸ್ತರು ಕನ್ನಡಿಯೊಳಗೆ ಬಗ್ಗಿ ಓದಿ, 'ಮಾದೇವ' ಎಂದು ಬರೆದುಕೊಂಡರು. "ಏನು ಕೆಲಸ ಮಾಡ್ತಾರೆ?"

"ಇದ್ನ ಬರ್ದೋರೂ ಅವ್ರೇಯ ಸಾ."

ಗುಮಾಸ್ತರು ಕನ್ನಡಿ ಬಿಟ್ಟು ಅಂಗಿಯನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಹೀಗೆ ತಿರುವುಮುರುವಾಗಿ ಬರೆದರೆ ಇವರಿಗೆ ಕೆಲಸ ಯಾರಮ್ಮ ಕೊಡ್ತಾರೆ?"

ನನ್ನವಳು ಅಂಗಿಯನ್ನು ಮಡಿಸಿ ಎದೆಗವಚಿಕೊಂಡು ಹೇಳಿದಳು.

"ಕೆಲ್ಸದ್ ಮಾತ್ ಬುಡಿ ಸಾ. ಇದ್ನ ನೋಡ್ಬುಟ್ಟೇ ನಮ್ಮಪ್ಪ ಎಣ್ ಕೊಟ್ಟದ್ದು."