ದನದ ಡಾಕ್ಟ್ರ ನೀರು ಕುಡಿಯೋ ಮೋಟರ್‌ಸೈಕಲ್

ದನದ ದವಾಖಾನ್ಯಾಗ ಕೆಲಸ ಮಾಡಿದವ್ರಿಗೆ ನಗೋ ಪ್ರಸಂಗಕ್ಕೇನು ಬರ ಇರಂಗಿಲ್ಲ. ದನ ಸುಮ್ಮನಿದ್ರೂ ದನದ ಮಾಲಕ ಸುಮ್ಮನಿರಂಗಿಲ್ಲ. ಇಬ್ಬರೂ ಸುಮ್ಮನಿದ್ರ ನಮ್ಮ ಡಾಕ್ಟ್ರು ಸುಮ್ಮನಿರತಿರಲಿಲ್ಲ. ನಾನು ಸಿರುಗುಪ್ಪದಾಗ ಅವರ ಕೈಕೆಳಗ ಕಂಪೌಂಡರ್ ಆಗಿದ್ದೆ. ಎರಡನೇ ಮಹಾಯುದ್ಧ ಆಗಷ್ಟ ಮುಗಿದಿತ್ತು. ಕುರುಗೋಡಿನ ತನಕ ಹಳ್ಳಿ ಎಲ್ಲಾ ನಮ್ಮ ಪಾಲಿಗೆ, ಹೋಗಾಕ ಇದ್ದದ್ದು ಮಾತ್ರ ಒಂದು ಎತ್ತಿನ ಬಂಡಿ.

ಒಮ್ಮೆ ಕುರುಗೋಡಿನಾಗ ಒಂದು ಎಮ್ಮಿ ಈಯಲಾರದೆ ಒದ್ದಾಡಾಕ ಹತ್ತಿತ್ತು. ನಮ್ಮ ಬಂಡಿ ಮುಟ್ಟೋದ್ರಾಗ ಎಮ್ಮಿನೂ ಹೋಗಿತ್ತು, ಕರುನೂ ಹೋಗಿತ್ತು. ಮಾಲಕ ಒಂದು ಮಾತು ಬೈಯಲಿಲ್ಲ. ಹೊರಸು ಹಾಕಿ ಕೂಡ್ರಿಸಿ, ಬಿಸಿಲಾಗ ಬಂದೀರಿ ಅಂತ ಮಜ್ಜಿಗಿ ಕೊಟ್ಟ. ಡಾಕ್ಟ್ರು ಆ ಮಜ್ಜಿಗಿ ಕುಡೀದ ಹಂಗ ಕೆಳಗಿಟ್ರು. "ಇನ್ನೊಮ್ಮೆ ಹಿಂಗಾಗಬಾರದು ಕಂಪೌಂಡರ್ರ" ಅಂದ್ರು. ಸ್ವಲ್ಪ ದಿನಕ್ಕ ಬಳ್ಳಾರಿ ಕಂಟೋನ್ಮೆಂಟಿಗೆ ಹೋಗಿ, ತನ್ನ ದೇಶಕ್ಕ ಹೊಂಟಿದ್ದ ಬಿಳಿ ಸಾಹೇಬನೊಬ್ಬನ ಮೋಟರ್‌ಸೈಕಲ್ ತಂದ್ರು. ಓಡಿಸಿಕೊಂಡಲ್ಲ, ಬಂಡ್ಯಾಗ ಹೇರಿಕೊಂಡು. ಇಂಜಿನ್ ಕೆಟ್ಟು ಕೂತಿತ್ತು.

೧. ಇದೇನು ರೋಗ

ಬಳ್ಳಾರಿಯ ಬಸ್ ರಿಪೇರಿ ಮೇಸ್ತ್ರಿ ಒಮ್ಮೆ ಬಗ್ಗಿ ನೋಡಿ ಕೈ ಮುಗಿದಿದ್ದನಂತ. "ಬ್ಯಾರೆ ಮೋಟರ್‌ಸೈಕಲ್ ಗಾಳಿಗೆ ತಣ್ಣಗಾಗ್ತಾವ, ಇದಕ್ಕ ನೀರು ಬೇಕು. ನಾ ಮುಟ್ಟಂಗಿಲ್ರಿ."

ಆ ನೀರು ಹಾಕೋ ಬಾಯಿ ಸಣ್ಣದು. ಡಾಕ್ಟ್ರು ಹಿಂದ್ಮುಂದ ನೋಡ್ಲಿಲ್ಲ, ದನಕ್ಕ ಔಷಧ ಕುಡಿಸೋ ಬಿದಿರಿನ ಗೊಟ್ಟ ತರಿಸಿದ್ರು. ನಾನು ಗೊಟ್ಟದಿಂದ ಗಾಡಿಗೆ ನೀರು ಕುಡಿಸಾಕ ನಿಂತೆ. ಹಚ್ಚೊಳ್ಳಿಯ ಒಬ್ಬ ಮುದುಕ ಕುಂಟೋ ಎತ್ತು ಹಿಡಕೊಂಡು ಬಂದಾವ, ಎತ್ತು ಬಿಟ್ಟು ಇದನ್ನ ನೋಡಾಕ ಹತ್ತಿದ.

"ಏನು ಕುಡಸ್ತೀರಿ?"

"ನೀರು."

"ಅಲ್ಲಿ ಮ್ಯಾಲಿನ ಹೊಟ್ಟಿಗೆ?"

"ಪೆಟ್ರೋಲು. ಅದರಾಗ ಸ್ವಲ್ಪ ಎಣ್ಣಿ."

ಮುದುಕ ಗಾಡಿ ಸುತ್ತ ಒಂದು ಸುತ್ತು ಬಂದ. "ಇಷ್ಟು ಕುಡಿದೂ ಏಳವಲ್ದು ಅಂದ್ರ ಇದಕ್ಕ ರೋಗ ಇಲ್ರಿ ಡಾಕ್ಟ್ರ, ಸೋಮಾರಿತನ. ಬಾರಕೋಲು ಕೊಡ್ಲೇನು?"

೨. ಹೊಟ್ಟಿ ಆಪರೇಷನ್

ಡಾಕ್ಟ್ರು ಅಲ್ಲೀತನಕ ಸೈಕಲ್ಲಿಗೆ ಪಂಕ್ಚರ್ ಸುದ್ದಾ ಹಾಕಿದವ್ರಲ್ಲ. ಆದ್ರ ಅವರ ಧೈರ್ಯಕ್ಕ ಏನಂತೀರಿ. ಹಿತ್ತಲದಾಗ ಬಿಳಿ ಬಟ್ಟಿ ಹಾಸಿಸಿ, ಸೋಪು ಹಚ್ಚಿ ಮೊಣಕೈ ತನಕ ಕೈ ತೊಳಕೊಂಡು ಇಂಜಿನ್ ಮುಂದ ಕುಂತ್ರು. ನಾನು ಎಂದಿನಂಗ ಹತ್ಯಾರದ ತಟ್ಟಿ ಹಿಡಕೊಂಡು ಬಾಜೂಕ.

"ಹೆದರಿಕಿ ಆಗಂಗಿಲ್ಲೇನ್ರಿ?" ಅಂದೆ.

"ಆಕಳ ಹೊಟ್ಟ್ಯಾಗ ನಾಲ್ಕು ಕೋಣಿ. ಇದಕ್ಕ ಎರಡ ಸಿಲಿಂಡರು. ಒದಿಯಂಗಿಲ್ಲ, ಹಾಯಂಗಿಲ್ಲ. ಇದಕ್ಯಾಕ ಹೆದರ್ಲಿ?"

ಒಂದೊಂದು ಭಾಗ ಬಿಚ್ಚಿದಂಗ, ಬಿಚ್ಚಿದ ಕ್ರಮದಾಗ ಸಾಲಾಗಿ ಇಡಿಸಿದ್ರು. ಎಮ್ಮಿ ಹೊಟ್ಟ್ಯಾಗ ಕೈ ಆಡಿಸಿದಂಗ ಕಣ್ಣು ಮುಚ್ಚಿ, ಬೆರಳ ತುದೀಲೆ ಸವರಿ, "ಇಲ್ಲೈತಿ ನೋಡ್ರಿ" ಅಂದ್ರು. ಪಿಸ್ಟನ್ನಿನ ಉಂಗುರ ಮಸಿಯಾಗ ಸಿಕ್ಕೊಂಡು ಅಲುಗಾಡತಿರಲಿಲ್ಲ. ಖರೇ ಹೇಳ್ತೀನಿ, ಅವತ್ತಿಂದ ಆ ಬೆರಳಿನ ಮ್ಯಾಲೆ ನನಗ ದೇವರ ಮ್ಯಾಲಿನಷ್ಟ ನಂಬಿಕಿ.

ಮಸಿ ಬಿಡಿಸಾಕ ಪಿಸ್ಟನ್ ಎರಡೂ ಅಂಟವಾಳದ ನೀರಾಗ ಕುದಿಯಾಕ ಇಟ್ರು. ಇಟ್ಟದ್ದು ಮನಿಯವ್ರ ಬ್ಯಾಳಿ ಬೇಯಿಸೋ ಗಡಿಗ್ಯಾಗ. ಮಧ್ಯಾಹ್ನ ಉಣ್ಣಾಕ ಕುಂತಾಗ ಡಾಕ್ಟ್ರ ಹೆಂಡ್ತಿ, ನಮ್ಮ ಅಮ್ಮನವ್ರು, ಸೌಟು ಹಾಕಿ ಒಂದು ಪಿಸ್ಟನ್ ಎತ್ತಿ, ಶಾಂತವಾಗಿ ಕೇಳಿದ್ರು: "ಇದು ಬೇಯೋ ತನಕ ಕಾಯ್ತೀರೋ, ಇಲ್ಲಾ ಉಪ್ಪಿನಕಾಯಾಗ ಉಣ್ತೀರೋ?"

೩. ತವರಿನ ನೆನಪು

ಎಲ್ಲಾ ಜೋಡಿಸಿ ಮುಗಿದ ದಿನ ಅರ್ಧ ಸಿರುಗುಪ್ಪ ದವಾಖಾನಿ ಮುಂದ ನೆರೀತು. ಡಾಕ್ಟ್ರು ಪಂಚೆ ಎತ್ತಿ ಕಟ್ಟಿ, ಕಿಕ್ ಒದ್ರು. ಒದ್ದ ಕಾಲು ವಾಪಸ್ ಮ್ಯಾಲಕ್ಕ ಬಂತು, ಆದ್ರ ಇಂಜಿನ್ ಗುರ್ ಅಂತ ಎದ್ದಿತು. ಮಂದಿ ಚಪ್ಪಾಳಿ ತಟ್ಟಿದ್ರು. ಡಾಕ್ಟ್ರು ಎಲ್ಲರಿಗೂ ಕೈ ಮುಗಿದು, ಗೇರ್ ಹಾಕಿ ಕ್ಲಚ್ ಬಿಟ್ರು.

ಗಾಡಿ ಹಿಂದಕ್ಕ ಹೊಂಟಿತು. ಮಂದಿ ದಾರಿ ಬಿಟ್ರು. ಡಾಕ್ಟ್ರು ಮುಂದ ನೋಡಕೋತ ಹಿಂದ ಹೋಗಿ ತಿಪ್ಪಿಯಾಗ ಕುಂತ್ರು.

"ಅದಕ್ಕ ತವರು ನೆನಪಾಗೈತಿ ಬಿಡ್ರಿ, ಬಳ್ಳಾರಿಗೆ ಹೊಂಟೈತಿ" ಅಂದ ಒಬ್ಬ.

ನಾನಾಗಿದ್ರ ಗಾಡಿಗೆ ಅಲ್ಲೇ ಬೆಂಕಿ ಹಚ್ಚತಿದ್ದೆ. ಡಾಕ್ಟ್ರು ತಿಪ್ಪಿಯಾಗ ಕುಂತಲ್ಲೇ ವಿಚಾರ ಮಾಡಿದ್ರು. ಕಿಡಿ ಹಾರಬೇಕಾದ ಹೊತ್ತಿಗಿಂತ ಭಾಳ ಮೊದಲ ಹಾರಾಕ ಹತ್ತೈತಿ, ಅದಕ್ಕ ಇಂಜಿನ್ ಉಲ್ಟಾ ತಿರುಗೈತಿ. ಜೋಡಿಸೋದ್ರಾಗ ತಪ್ಪಿದ್ದು ತಾವು.

"ಕರು ಒಳಗ ಹಿಂದ್ಮುಂದ ಆಗಿರಂಗಿಲ್ಲೇನ್ರಿ? ಕೈ ಹಾಕಿ ತಿರುವಬೇಕು, ಅಷ್ಟ" ಅಂದು ಸೆಗಣಿ ಕೈಲೇ ನಟ್ಟು ಬಿಚ್ಚೋ ಪಾನಾ ಕೇಳಿದ್ರು.

ನಾನು ಕೊಟ್ಟೆ. ಅಷ್ಟರಾಗ ತಿಪ್ಪಿ ಮಾಲಕ ಬಂದು, "ಡಾಕ್ಟ್ರ, ರಿಪೇರಿ ಆಮ್ಯಾಲೆ ಮಾಡ್ರಿ, ಮೊದಲು ಏಳ್ರಿ. ನೀವು ಕುಂತದ್ದು ನಾಳೆ ಹೊಲಕ್ಕ ಹೋಗೋ ಗೊಬ್ಬರ" ಅಂದ.

೪. ಬಾಣಂತಿ ನೀರು

ಗಾಡಿ ಮುಂದಕ್ಕ ಹೋಗೋದು ಕಲಿತ ಮ್ಯಾಲೆ ಕುರುಗೋಡಿನಿಂದ ಸುದ್ದಿ ಬಂತು. ಒಬ್ಬಾಕಿ ಮುದುಕಿ, ಆಕಿಗಿದ್ದದ್ದು ಒಂದ ಎಮ್ಮಿ, ಕರು ಅಡ್ಡ ಸಿಕ್ಕೊಂಡೈತಿ. ಡಾಕ್ಟ್ರ ಮುಖ ಸಣ್ಣದಾತು. ನನ್ನನ್ನ ಹಿಂದ ಹತ್ತಿಸಿಕೊಂಡು ಹೊಂಟ್ರು. ಗಾಡಿ ಕಾದು ಕಾದು, ಕುರುಗೋಡು ಮುಟ್ಟೋದ್ರಾಗ ನೀರಿನ ಬಾಯಾಗ ಉಗಿ ಬಿಡಾಕ ಹತ್ತಿತ್ತು.

ಎಮ್ಮಿ ಮಲಗಿತ್ತು, ಉಸಿರು ಇತ್ತು. "ಬಿಸಿನೀರು ತರ್ರಿ" ಅಂದ್ರು ಡಾಕ್ಟ್ರು. ಮುದುಕಿ ಕಂಗಾಲಾದ್ಲು. ಮುಂಜಾನಿಯಿಂದ ಎಲ್ಲಾರೂ ಎಮ್ಮಿ ಮುಂದ ಕುಂತವ್ರು, ಯಾರೂ ಒಲಿ ಹಚ್ಚಿರಲಿಲ್ಲ.

ಡಾಕ್ಟ್ರು ಒಮ್ಮೆ ಆಕಿ ಮುಖ ನೋಡಿದ್ರು, ಒಮ್ಮೆ ಗಾಡಿ ನೋಡಿದ್ರು. ಬಕೇಟು ಕೆಳಗಿಟ್ಟು ನೀರಿನ ನಳಿಕಿ ಬಿಚ್ಚಿದ್ರು. ಕುದಿಯೋ ನೀರು ಸುರಿದು ಬಂತು. ಅದನ್ನ ಬಟ್ಟ್ಯಾಗ ಸೋಸಿ, ತಣ್ಣೀರು ಬೆರೆಸಿ, ಕೈ ತೊಳಕೊಂಡು ಎಮ್ಮಿ ಹತ್ರ ಮಲಕೊಂಡ್ರು. ಬೆವರು ಸುರೀತು, ತೋಳು ತಿರುವಿದ್ರು, ಎಳದ್ರು. ಕರು ನೆಲಕ್ಕ ಬಿತ್ತು, ಸೀನಿತು. ಎಮ್ಮಿ ಕುತ್ತಿಗಿ ಹೊರಳಿಸಿ ನೆಕ್ಕಾಕ ಶುರು ಮಾಡ್ತು. ಡಾಕ್ಟ್ರು ಗ್ವಾಡಿಗೆ ಆನಿಕೊಂಡು ಅತ್ತೇ ಬಿಟ್ರು. ನಾನೂ ಅತ್ತೆ, ಸುಳ್ಳ್ಯಾಕ ಹೇಳ್ಲಿ. ಮುದುಕಿ ಮಜ್ಜಿಗಿ ತಂದ್ಲು, ಡಾಕ್ಟ್ರು ಎರಡು ಚೊಂಬು ಕುಡದ್ರು.

ಇದೆಲ್ಲಾ ನೋಡಿದ ಊರು ಸುಮ್ಮನಿದ್ದೀತೇನು. ಕೆಲವು ದಿನಕ್ಕ ಕುರುಗೋಡಿನ ಒಬ್ಬ ಯಜಮಾನ ಸಿರುಗುಪ್ಪಕ್ಕ ಓಡಿ ಬಂದ.

"ಡಾಕ್ಟ್ರ, ಮಗಳು ಹಡದಾಳ್ರಿ."

"ಸಂತೋಷಪ್ಪ. ಆದ್ರ ನಾನು ದನದ ಡಾಕ್ಟ್ರು, ನಾ ಬಂದು ಏನು ಮಾಡ್ಲಿ?"

"ನೀವು ಬ್ಯಾಡ್ರಿ" ಅಂದ ಯಜಮಾನ. "ಗಾಡಿ ಕಳಸ್ರಿ. ಬಾಣಂತಿಗೆ ನೀರು ಹಾಕಬೇಕು."