ತುರಿಸಿಕೊಳ್ಳಬಾರದ ವೇಷ

"ತುರಿಸಿಕೊಳ್ಳಬೇಡ" ಎಂದು ಇನ್ನೊಬ್ಬರಿಗೆ ಹೇಳುವುದರಷ್ಟು ಅಪಾಯದ ಕೆಲಸ ಬೇರೆ ಇಲ್ಲ. ಹೇಳಿ ಮುಗಿಸುವಷ್ಟರಲ್ಲಿ ಹೇಳಿದವನ ಬೆನ್ನೇ ತುರಿಸತೊಡಗುತ್ತದೆ. ನಂಬಿಕೆಯಿಲ್ಲವೇ? ಇದನ್ನು ಓದುತ್ತಿರುವ ನಿಮ್ಮ ಕೈಯೇ ಈಗ ಎಲ್ಲಿಗೋ ಹೊರಟಿರಬಹುದು, ನೋಡಿಕೊಳ್ಳಿ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಆರು ವರ್ಷದ ಮಗಳು ಅದಿತಿಗೆ ಚಿಕನ್‌ಪಾಕ್ಸ್ ಎದ್ದಾಗ ನನ್ನ ಹೆಂಡತಿ ಸುಮಾ ಕಾಮೋಠೆಯಲ್ಲಿ ಅವಳ ಅಕ್ಕನ ಮನೆಯಲ್ಲಿದ್ದಳು. ಬಸುರಿ ಬೇರೆ, ಈ ಕಾಯಿಲೆ ಒಮ್ಮೆಯೂ ಬಂದವಳಲ್ಲ. "ಅಲ್ಲೇ ಇರಲಿ, ಈ ಕಡೆ ಬರುವುದೇ ಬೇಡ" ಎಂದರು ಡಾಕ್ಟರು. ನನಗೆ ಚಿಕ್ಕಂದಿನಲ್ಲೇ ಬಂದು ಹೋಗಿತ್ತಾದ್ದರಿಂದ ಪೂರ್ತಿ ಚಾರ್ಜು ನನ್ನ ತಲೆಗೆ ಬಂತು. ಉಗುರು ಕತ್ತರಿಸಿದೆ, ಓಟ್ಸ್ ಪುಡಿ ಕದಡಿದ ನೀರಿನಲ್ಲಿ ಮೀಯಿಸಿದೆ. ಈ ಕಾಯಿಲೆಯಿದ್ದ ಮನೆಯಲ್ಲಿ ಘಾಟು ಕೂಡದೆಂದು ಊರಿನಿಂದ ಅತ್ತೆ ಫೋನಿನಲ್ಲಿ ಒಗ್ಗರಣೆಯನ್ನೇ ನಿಷೇಧಿಸಿದರು. ಪಕ್ಕದ ಮನೆಯಲ್ಲಿ ಬೊಂಬಿಲ್ ಮೀನು ಹುರಿಯುವ ವಾಸನೆಗೆ ಆ ನಿಷೇಧ ತಾಗಲಿಲ್ಲ. ಇದೆಲ್ಲ ಇರಲಿ. ನನ್ನ ಚಿಂತೆಯೆಲ್ಲ ಒಂದೇ ಒಂದು ಗುಳ್ಳೆಯದು. ಅದು ಎಡಗಣ್ಣಿನ ಮೂಲೆಯಲ್ಲೇ ಎದ್ದಿತ್ತು. ಕಣ್ಣಿನ ಹತ್ತಿರ ಲೋಷನ್ ಹಚ್ಚುವಂತಿಲ್ಲ, ಉಗುರಂತೂ ತಾಗಲೇಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಸುಮಾ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಕಣ್ಣೀರು. "ಅದೊಂದನ್ನು ಮುಟ್ಲಿಕ್ಕೆ ಬಿಡ್ಬೇಡಿ ಮಾರಾಯ್ರೆ. ನೀವು ಮೊಬೈಲ್ ನೋಡ್ತಾ ಕೂತ್ರೆ ನಂಗಿಲ್ಲಿಂದಲೇ ಗೊತ್ತಾಗ್ತದೆ!"

ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನ್ ನಿಂತ ಮರುಗಳಿಗೆ ಸೆಕೆಗೆ ಮಗುವಿನ ಮೈಯೆಲ್ಲ ಉರಿ. ಕೈಗೆ ತೊಡಿಸಿದ್ದ ಕಾಲುಚೀಲ ಕಿತ್ತೆಸೆದು, "ಪಪ್ಪಾ, ಬಹುತ್ ಖುಜಲೀ!" ಎಂದು ತುರಿಕೆ ತಾಳದೆ ತನ್ನ ಶಾಲೆಯ ಹಿಂದಿಯಲ್ಲಿ ಕಿರುಚಿದಳು. ಬೆರಳು ಸೀದಾ ಕಣ್ಣಿನತ್ತ ಹೊರಟಿತು. ಗದರಿದೆ, ಬೇಡಿಕೊಂಡೆ, ಐಸ್‌ಕ್ರೀಮಿನ ಆಸೆ ತೋರಿಸಿದೆ, ಕೊನೆಗೆ ಅವಳ ಎರಡೂ ಕೈ ಹಿಡಿದುಕೊಂಡೆ. ಎಷ್ಟು ಹೊತ್ತೆಂದು ಹಿಡಿಯುವುದು? ನನಗೇ ಅಳು ಬಂತು.

ಆಗ ನೆನಪಾದದ್ದು ಚೌಕಿ, ಅಂದರೆ ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಜಾಗ. ಇಲ್ಲಿನ ನಮ್ಮ ಸಂಘದ ಆಟಗಳಲ್ಲಿ ನಾನೂ ಒಬ್ಬ ಕಲಾವಿದ: ದೊಡ್ಡ ರಾಕ್ಷಸನ ಹಿಂದೆ ನಿಲ್ಲುವ ಇನ್ನೊಬ್ಬ ರಾಕ್ಷಸ. ಮಾತಿಲ್ಲ. ಆದರೂ ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿಯನ್ನು ಚುಕ್ಕೆ ಚುಕ್ಕೆಯಾಗಿ ಇಡುತ್ತಾರೆ. ಅದು ಒಣಗುತ್ತ ಬಂದಾಗಿನ ತುರಿಕೆ ದೇವರಿಗೇ ಪ್ರೀತಿ! ಆದರೆ ಬಣ್ಣ ಹಚ್ಚಿದ ಮೇಲೆ, ಆಟ ಮುಗಿಯುವವರೆಗೆ, ಕೈ ಮುಖಕ್ಕೆ ಹೋಗಬಾರದು.

"ಬಾ, ನಿಂಗೆ ಚುಟ್ಟಿ ಇಡ್ತೇನೆ. ಆಟ ಮುಗಿಯುವವರೆಗೆ ಮುಖ ಮುಟ್ಲಿಕ್ಕಿಲ್ಲ" ಎಂದೆ. ಅಳು ನಿಂತಿತು. ಹತ್ತಿಯನ್ನು ಕ್ಯಾಲಮೈನ್ ಲೋಷನ್ನಿನಲ್ಲಿ ಅದ್ದಿ ಗುಳ್ಳೆಗೊಂದರಂತೆ ಚುಕ್ಕೆ ಇಡುತ್ತ ಹೋದೆ. ಕಣ್ಣಿನ ಮೂಲೆಯದನ್ನು ಬಿಟ್ಟೆ.

"ಔರ್ ಯೇ?" ಅದನ್ನು ತೋರಿಸಿ ಕೇಳಿದಳು.

"ಅದು ರಾಕ್ಷಸನ ಮಣಿ. ಮುಟ್ಟಿದ್ರೆ ಆಟವೇ ಕೆಡ್ತದೆ."

"ತೋ ಆಪ್ ಭೀ ಲಗಾವೋ" ಎಂದವಳೇ ಬಾಟಲಿ ಕಸಿದು ನನ್ನ ಮುಖಕ್ಕೂ ಚುಕ್ಕೆ ಇಟ್ಟಳು. ಮೂಗಿನ ತುದಿಗಂತೂ ದಪ್ಪಗೆ ಮೆತ್ತಿದಳು.

ಇಬ್ಬರು ರಾಕ್ಷಸರೂ ಹಾಸಿಗೆಯಲ್ಲಿ ಎದುರುಬದುರಾಗಿ ಕುಳಿತೆವು. ಅವಳ ಬೆರಳು ಕೆನ್ನೆಯವರೆಗೆ ಹೋಯಿತು. ಅಲ್ಲಿಂದಲೇ ಹಿಂದೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಕಡೆಗೂ ಕರೆಂಟು ಬಂದು ಫ್ಯಾನ್ ತಿರುಗಿದಾಗ ಮಗು ಹಾಗೇ ಒರಗಿ ಕಣ್ಣು ಮುಚ್ಚಿತು. ಮಣಿ ಇದ್ದಂತೆಯೇ ಇತ್ತು.

ಗೆದ್ದ ಹುಮ್ಮಸ್ಸಿನಲ್ಲಿ ಸುಮಾಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಮಗಳನ್ನು ನೋಡಿ ಅವಳಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ನನ್ನ ಮುಖ ನೋಡಿದಳು.

"ಅಯ್ಯೋ ದೇವರೇ! ನಿಮ್ಗೆ ಇನ್ನೊಮ್ಮೆ ಬಂತಾ?"

ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಒಣಗಿದ ಲೋಷನ್ನಿಗೆ ಮೂಗಿನ ತುದಿ ಚುರುಚುರು ಎಂದು ಕೈ ತಾನಾಗಿ ಮೇಲೆದ್ದಿತು. ಹಾಸಿಗೆಯಲ್ಲಿ ಒಂದು ಕಣ್ಣು ತೆರೆದುಕೊಂಡಿತು.

"ಪಪ್ಪಾ, ಹಾತ್ ನೀಚೆ! ಮಾತಾಡ್ಬೇಡ. ಆಟ ಮುಗೀಲಿಲ್ಲ."

ಕೈ ಇಳಿಸಿದೆ, ಬಾಯಿಯನ್ನೂ ಮುಚ್ಚಿದೆ. ಫೋನಿನಲ್ಲಿ ಸುಮಾ ಕೂಗುತ್ತಲೇ ಇದ್ದಳು. ಮನೆಯಲ್ಲೂ ನನಗೆ ಸಿಕ್ಕಿದ್ದು ಅದೇ ಪಾತ್ರ: ಹಿಂದೆ ನಿಲ್ಲುವ ರಾಕ್ಷಸ. ಮಾತಿಲ್ಲ.