‘ನಮ್ಮವ್ವ ಒಪ್ಪೂದಿಲ್ರಿ’

ಮನೆಯಲ್ಲಿ ವಯಸ್ಸಾದ ತಾಯಿ ಇದ್ದರೆ ಗಂಡಸಿಗೆ ಆಗುವ ಅನುಕೂಲ ಒಂದೆರಡಲ್ಲ. ಹಪ್ಪಳ, ಉಪ್ಪಿನಕಾಯಿ, ಕೆಮ್ಮಿಗೆ ಕಷಾಯ ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ಯಾರೂ ಬಾಯಿಬಿಟ್ಟು ಹೇಳದ ದೊಡ್ಡ ಅನುಕೂಲ ಒಂದಿದೆ: ನಮಗೆ ಮನಸ್ಸಿಲ್ಲದ ಕೆಲಸವನ್ನೆಲ್ಲ ಆಕೆಯ ತಲೆಗೆ ಕಟ್ಟಿಬಿಡಬಹುದು. ಯಾರದೋ ಮದುವೆಗೆ ಹೋಗಲು ಬೇಸರವೇ? ‘ಅವ್ವಗ ಆರಾಮಿಲ್ಲ.’ ಭಜನೆಯವರು ನಮ್ಮ ಪಡಸಾಲೆ ಕೇಳಿದರೇ? ‘ಅವ್ವ ಮಡಿ ಭಾಳ ಮಾಡತಾಳ.’ ಕೇಳಿದವರು ‘ಹಳೇ ಕಾಲದ ಮುದುಕಿ, ಏನು ಮಾಡೋದು’ ಎಂದು ತಲೆಯಾಡಿಸಿ ಹೋಗುತ್ತಾರೆ. ನಾವು ಮಾತ್ರ ಸುಧಾರಕರಾಗಿಯೇ ಉಳಿಯುತ್ತೇವೆ. ಖಾನಾಪುರದಲ್ಲಿ ನಾನು ಹೀಗೆ ಬಹಳ ವರ್ಷ ಸುಧಾರಕನಾಗಿದ್ದೆ.

ಆಗ ನಾನು ಅಲ್ಲಿಯ ಒಂದು ಕಟ್ಟಿಗೆ ವಖಾರಿಯಲ್ಲಿ ಕಾರಕೂನ. ಕಾಡಿನಿಂದ ಬಂದ ಸಾಗವಾನಿ ದಿಮ್ಮಿಗಳನ್ನು ಅಳೆದು ರೈಲಿಗೆ ಹೇರಿಸುವುದು ನನ್ನ ಕೆಲಸ. ಸಂಜೆ ವಾಚನಾಲಯದಲ್ಲಿ ಕುಳಿತು, ಈ ದೇಶ ಏಕೆ ಮುಂದೆ ಬರುತ್ತಿಲ್ಲ ಎಂದು ಮಂದಿಗೆ ತಿಳಿಸಿ ಹೇಳುವುದು ಸಂಬಳವಿಲ್ಲದ ಕೆಲಸ. ಸಿಡುಬು ಬಂದಾಗ ಬೇವಿನ ಸೊಪ್ಪು ಕಟ್ಟಿ ಹರಕೆ ಹೊರುವವರನ್ನು ಕಂಡರೆ ನನಗೆ ಎಲ್ಲಿಲ್ಲದ ಕನಿಕರ. ‘ಸರಕಾರ ಮನೆಬಾಗಿಲಿಗೆ ಬಂದು ದೇವಿ ಹಾಕುತ್ತೇನೆ ಅಂದರೂ ಒಲ್ಲೆನ್ನುತ್ತಾರಲ್ಲ!’ ಎಂದು ಮೇಜು ಗುದ್ದುತ್ತಿದ್ದೆ. ಇಂಥ ನನ್ನ ಒಬ್ಬಳೇ ಮಗಳು ಗಂಗಾ ಏಳು ವರ್ಷದವಳಾಗಿದ್ದರೂ ಅವಳ ತೋಳಿನ ಮೇಲೆ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿದ ಕಲೆ ಒಂದೂ ಇರಲಿಲ್ಲ.

ಕಾರಣ ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ನನಗೆ ದೇವಿ ಹಾಕುವ ಆ ಸಣ್ಣ ಚೂರಿ ಎಂದರೆ ಹೆದರಿಕೆ. ಚಿಕ್ಕಂದಿನಲ್ಲಿ ನನಗೆ ದೇವಿ ಹಾಕುವಾಗ ಇಬ್ಬರು ಕಾಲು ಹಿಡಿದು ಒಬ್ಬ ಎದೆಯ ಮೇಲೆ ಕುಳಿತಿದ್ದ. ತೋಳು ಗೀರಿದ ಆ ಸದ್ದು ಇಂದಿಗೂ ಕಿವಿಯಲ್ಲಿದೆ. ಇನ್ನು ಕೂಸಿನ ತೋಳಿಗೆ ಚೂರಿ ತಾಗುವುದನ್ನು ನಿಂತು ನೋಡುವುದೆಂದರೆ! ಪ್ರತಿ ಚಳಿಗಾಲ ಬೆಳಗಾವಿಯ ಶಹಾಪುರದಿಂದ ಬಾಳಪ್ಪನವರು ಎಂಬ ದೇವಿ ಹಾಕುವವರು ಖಾನಾಪುರಕ್ಕೆ ಬರುತ್ತಿದ್ದರು. ಅವರು ನಮ್ಮ ಓಣಿಗೆ ಕಾಲಿಡುವ ಮುಂಚೆಯೇ ನಾನು ಅವರು ಇಳಿದುಕೊಂಡ ಚಾವಡಿಗೆ ಹೋಗಿ ಚಹಾ ಕುಡಿಸಿ, ‘ನಾನೇನೋ ತಯಾರ ಅದೀನ್ರಿ. ನಮ್ಮವ್ವ ಒಪ್ಪೂದಿಲ್ರಿ. ದೇವಿ ಸಿಟ್ಟಾಗತಾಳ ಅಂತಾಳ’ ಎಂದು ನಿಟ್ಟುಸಿರು ಬಿಡುತ್ತಿದ್ದೆ. ಮನೆಗೆ ಬಂದು ಅವ್ವನಿಗೂ ಹೆಂಡತಿ ಶಾಂತಾಗೂ, ‘ಕೂಸು ಭಾಳ ನಾಜೂಕ ಐತಂತ. ಮುಂದಿನ ವರ್ಷ ಹಾಕೂಣು ಅಂದ್ರು’ ಎನ್ನುತ್ತಿದ್ದೆ. ಹೀಗೆ ಆರು ಚಳಿಗಾಲ ಕಳೆದವು. ನಾಜೂಕಿನ ಕೂಸು ಅಷ್ಟರಲ್ಲಿ ಓಣಿಯ ಹುಣಸೆ ಮರಗಳನ್ನೆಲ್ಲ ಹತ್ತಿ ಇಳಿಯುತ್ತಿತ್ತು.

ಆ ವರ್ಷ ನಮ್ಮ ಮಾಲಕರು ಗೋವೆಯ ಮುರಗಾಂವ ಬಂದರದಲ್ಲಿ ಹೊಸ ವಖಾರಿ ತೆರೆದು, ಸಂಸಾರ ಸಮೇತ ಅಲ್ಲಿಗೆ ಹೋಗಲು ನನಗೆ ಅಪ್ಪಣೆ ಮಾಡಿದರು. ಗೋವೆ ಎಂದರೆ ಖಾನಾಪುರದಿಂದ ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ಮುಟ್ಟುವ ದೂರ. ಆದರೆ ಅದು ಪೋರ್ತುಗೀಜರ ರಾಜ್ಯ, ಆದ್ದರಿಂದ ಪರದೇಶ. ನನ್ನ ನಡಿಗೆಯೇ ಬದಲಾಯಿತು. ವಾಚನಾಲಯದಲ್ಲಿ ಹಾರ ಹಾಕಿದರು. ನಂದಗಡದ ಸೋದರತ್ತೆ ಬಂದು, ನಾನು ಏಳು ಸಮುದ್ರ ದಾಟುವವನೆಂಬಂತೆ ತಬ್ಬಿಕೊಂಡು ಅತ್ತಳು. ನಾನೂ ತಡೆಯಲಿಲ್ಲ. ಗಂಗಾ ಮಾತ್ರ ಹೊಸ ಪಾಟಿ ಹಿಡಿದುಕೊಂಡು, ‘ನಾ ಸಮುದ್ರದ ಬಾಜೂದ ಸಾಲಿಗೆ ಹೊಂಟೇನಿ’ ಎಂದು ಕಂಡಕಂಡವರಿಗೆಲ್ಲ ಹೇಳಿದಳು.

ಅಷ್ಟರಲ್ಲಿ ಆ ಶಾಲೆಯಿಂದ ಮರಾಠಿಯಲ್ಲಿ ಒಂದು ಪತ್ರ ಬಂತು. ಮಗುವಿಗೆ ಸಿಡುಬಿನ ಲಸಿಕೆ ಹಾಕಿಸಿದ ದಾಖಲೆ ತರಬೇಕು, ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲ. ಶಾಂತಾ ಪತ್ರ ಓದಿ, ‘ಈಗರ ಹಾಕಸ್ತೀರೇನು, ಇಲ್ಲಾ ಇನ್ನೂ ನಾಜೂಕ ಅದಾಳೋ?’ ಎಂದಳು. ನಾನು ಆ ಪ್ರಶ್ನೆಗೆ ಉತ್ತರವಾಗಿ ಛತ್ರಿ ತೆಗೆದುಕೊಂಡು ಬೆಳಗಾವಿಯ ರೈಲು ಹತ್ತಿದೆ.

ಬಾಳಪ್ಪನವರ ಮನೆ ಶಹಾಪುರದಲ್ಲಿ, ಎರಡೂ ಕಡೆ ನೇಕಾರರ ಮನೆಗಳ ನಡುವೆ. ಮಗ್ಗಗಳ ಸದ್ದಿನಲ್ಲಿ ಗುಟ್ಟಿನ ಮಾತು ಆಡುವುದಕ್ಕೂ ಕೂಗಬೇಕಾಯಿತು.

‘ಸಾಲಿಗೆ ತೋರಸಾಕ ಬರೇ ಕಾಗದ ಕೊಡ್ರಿ ಸಾಕು!’ ಎಂದು ಕೂಗಿದೆ. ‘ದೇವಿ ಆಮ್ಯಾಲೆ ನೋಡೂಣು!’

ಮಗ್ಗಗಳು ಸರಿಯಾಗಿ ಅದೇ ಗಳಿಗೆಯಲ್ಲಿ ನಿಂತವು. ಪಕ್ಕದ ಮನೆಯ ನೇಕಾರ ಕಿಟಕಿಯಿಂದ ಇಣುಕಿ ನೋಡಿದ. ಬಾಳಪ್ಪನವರು ಸಿಟ್ಟಾಗಲಿಲ್ಲ. ನನ್ನನ್ನು ಕಂಡು ಅವರ ಕಣ್ಣು ಒದ್ದೆಯಾಯಿತು.

‘ಕಾಗದ ಕೊಟ್ಟರ ತೋಳು ಯಾರು ಕೊಡ್ತಾರ್ರಿ ಕಾರಕೂನರ? ಅಲ್ಲಿ ಅಂಗಿ ಸರಿಸಿ ನೋಡತಾರ. ಆರು ವರ್ಷ ಆತು, ಅವ್ವನ ಮಾತಿಗೆ ಸಿಕ್ಕು ಒದ್ದ್ಯಾಡಾಕತ್ತೀರಿ. ಇನ್ನ ಸುಮ್ಮನಿದ್ರ ನನಗ ಪಾಪ ಹತ್ತತೈತಿ. ಸೋಮವಾರ ನಾನ ಬರ್ತೀನಿ. ಅವ್ವಾರ ಕಾಲಿಗೆ ಬಿದ್ದಾದ್ರೂ ಒಪ್ಪಸ್ತೀನಿ.’

ನಾನು ಬೇಡವೆಂದೆ. ಅವ್ವನಿಗೆ ಸಿಟ್ಟು ಬಂದರೆ ಹೊಡೆಯುತ್ತಾಳೆ ಎಂದೂ ಹೇಳಿದೆ. ‘ಹೊಡೀಲಿ ಬಿಡ್ರಿ’ ಎಂದರು. ಪರೋಪಕಾರಿಯನ್ನು ತಡೆಯುವುದು ಬಲು ಕಷ್ಟ.

ಸೋಮವಾರ ಅವರು ಬಂದೇ ಬಂದರು. ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಬಾಳಪ್ಪನವರು ದೂರದಲ್ಲೇ ಕೈ ಮುಗಿದು, ಹೊಡೆತಕ್ಕೆ ಸಿದ್ಧರಾದವರಂತೆ ಬಗ್ಗಿ ನಿಂತರು.

‘ಅವ್ವಾರ, ಸಿಟ್ಟಾಗಬ್ಯಾಡ್ರಿ. ದೇವಿ ಹಾಕಿಸಿದ್ರ ತಾಯಿ ಮುನಿಯೂದಿಲ್ರಿ.’

‘ಯಾರು ಅಂದ್ರು ಮುನೀತಾಳಂತ?’ ಎಂದಳು ಅವ್ವ. ‘ಬರ್ರಿ, ಕುಂದರ್ರಿ. ನಾನ ಕೇಳಬೇಕಂದಿದ್ದೆ. ನಮ್ಮ ಕೂಸು ಅಷ್ಟೇನು ನಾಜೂಕ ಐತ್ರಿ, ವರ್ಷಾ ವರ್ಷಾ ನೀವು ಬ್ಯಾಡಂತೀರಲ್ಲ?’

‘ನಾ ಎಲ್ಲಿ ಬ್ಯಾಡ ಅಂದೆನ್ರಿ? ನೀವ ಒಪ್ಪವಲ್ರಿ ಅಂತ...’

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ಬಾಗಿಲಲ್ಲಿ ಶಾಂತಾ ನಿಂತಿದ್ದಳು. ನಾನು ಅವರೆಕಾಯಿ ಸುಲಿಯತೊಡಗಿದೆ.

ಅವ್ವ ಬಯ್ಯುತ್ತಾಳೆಂದುಕೊಂಡಿದ್ದೆ. ಬಯ್ಯಲಿಲ್ಲ. ಕುಪ್ಪಸದ ತೋಳು ಮೇಲಕ್ಕೇರಿಸಿದಳು. ಸುಕ್ಕುಗಟ್ಟಿದ ಚರ್ಮದ ಮೇಲೆ ಎರಡು ದುಂಡನೆಯ ಕಲೆಗಳಿದ್ದವು. ಇಷ್ಟು ವರ್ಷ ಆಕೆಯ ಕೈಯಿಂದ ಉಂಡ ನಾನು ಅವನ್ನು ನೋಡಿರಲೇ ಇಲ್ಲ.

‘ನಿಮ್ಮಕ್ಕ ದೇವಿ ಬ್ಯಾನ್ಯಾಗ ಹೋದಾಗ ನೀ ತೊಟ್ಟಿಲದಾಗಿದ್ದಿ’ ಎಂದಳು. ‘ಅಕೀಗೆ ಹಾಕಿಸಿರಲಿಲ್ಲ. ನಾನ ಬ್ಯಾಡ ಅಂದಿದ್ದೆ. ಆಮ್ಯಾಲೆ ನಾನ ಚಾವಡಿಗೆ ಹೋಗಿ ಹಾಕಿಸ್ಕೊಂಡೆ. ನೀ ಚೂರು ದೊಡ್ಡಾಂವ ಆದ ಮ್ಯಾಲೆ ಮೂರು ಮಂದಿನ್ನ ಕರದು ನಿನಗೂ ಹಾಕಿಸಿದೆ. ಮೂರು ಮಂದಿ ಬೇಕಾಗಿತ್ತಪಾ ನಿನಗ.’

ನನ್ನ ಎದೆಯ ಮೇಲೆ ಕುಳಿತವನನ್ನು ಕರೆದವಳು ಈಕೆ ಎಂದು ಆಗ ತಿಳಿಯಿತು. ಏಕೆ ಕರೆದಳೆಂಬುದೂ ತಿಳಿಯಿತು. ಹಾಸ್ಯ ಬರೆಯುವವನಿಗೆ ಇಂಥ ಜಾಗದಲ್ಲಿ ಏನು ಬರೆಯಬೇಕೋ ಗೊತ್ತಾಗುವುದಿಲ್ಲ. ಆರು ವರ್ಷದಲ್ಲಿ ನಮ್ಮ ಓಣಿಗೆ ಎರಡು ಸಲ ಸಿಡುಬು ಬಂದು ಹೋಗಿತ್ತು. ಗಂಗಾ ಉಳಿದದ್ದು ನನ್ನ ಜಾಣತನದಿಂದಲ್ಲ.

ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಬಾಳಪ್ಪನವರು ಪೆಟ್ಟಿಗೆ ತೆರೆದರು. ನಾನು ಗಟ್ಟಿ ಮನಸ್ಸು ಮಾಡಿ, ಈ ಸಲ ನಿಂತು ನೋಡಿಯೇ ತೀರುತ್ತೇನೆಂದು ಹತ್ತಿರ ಹೋದೆ. ಚೂರಿ ತೋಳಿಗೆ ತಾಗಿತು. ‘ಅಯ್ಯೋ ಯವ್ವಾ!’ ಎಂಬ ಚೀರು ಕೇಳಿ ಕೂಸಿನ ಮುಖ ನೋಡಿದೆ. ಆದರೆ ಗಂಗಾ ಬಾಯಿ ಮುಚ್ಚಿಕೊಂಡು ಆಶ್ಚರ್ಯದಿಂದ ನನ್ನ ಮುಖ ನೋಡುತ್ತಿದ್ದಳು.

‘ಮುಗೀತೇನ್ರಿ? ಇಷ್ಟ?’ ಎಂದು ಬಾಳಪ್ಪನವರನ್ನು ಕೇಳಿದಳು. ನನಗೆ ಶಾಂತಾ ನೀರು ತಂದುಕೊಟ್ಟಳು. ಅದರ ನಂತರ ಎಂಟು ದಿನ ಆಕೆ ನನ್ನ ಜೊತೆ ಮಾತಾಡಲಿಲ್ಲ. ಎಂಟನೆಯ ದಿನ ಬಾಳಪ್ಪನವರು ಮತ್ತೆ ಬಂದು, ಗುಳ್ಳೆ ಚೆನ್ನಾಗಿ ಎದ್ದಿದೆಯೆಂದು ನೋಡಿ, ದಾಖಲೆ ಬರೆದು ಅವ್ವನ ಕೈಗೆ ಕೊಟ್ಟರು. ನಾನೂ ಕೈ ಚಾಚಿದ್ದೆ.

ಗೋವೆಯ ಶಾಲೆಯಲ್ಲಿ ಮುಖ್ಯ ಗುರುಗಳು ಕಾಗದ ಓದಿದರು, ಗಂಗಾಳ ತೋಳು ನೋಡಿದರು, ಹೊರಗೆ ಮರದ ಕೆಳಗೆ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದ ಅವ್ವನನ್ನೂ ನೋಡಿದರು.

‘ಶಾಬಾಸ್!’ ಎಂದು ಮರಾಠಿಯಲ್ಲಿ ನನ್ನ ಬೆನ್ನು ತಟ್ಟಿದರು. ‘ಅಂಥ ಹಳೇ ಕಾಲದವರು ಮನೆಯಲ್ಲಿರುವಾಗ ಇದನ್ನು ಮಾಡಿಸುವುದೆಂದರೆ ಸುಲಭವಲ್ಲ. ಬಹಳ ಕಷ್ಟಪಟ್ಟಿರಬೇಕು ನೀವು.’

ನಿಜ ಹೇಳಲು ಬಾಯಿ ತೆರೆದೆ. ‘ಹೌದು, ಸ್ವಲ್ಪ ಕಷ್ಟವಾಯಿತು’ ಎಂಬ ಮಾತು ಹೊರಗೆ ಬಂತು.

ಗಂಗಾ ನನ್ನನ್ನು ಒಮ್ಮೆ ನೋಡಿ ಹೊರಗೆ ಓಡಿದಳು. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅಜ್ಜಿಗೆ ವರದಿ ಆಗಿಹೋಗಿತ್ತು.

‘ಆಯಿ, ಮಾಸ್ತರು ಅಪ್ಪಗ ಶಾಬಾಸ್ ಅಂದ್ರು! ಭಾಳ ಕಷ್ಟಪಟ್ಟೀರಿ ಅಂದ್ರು!’

ಅವ್ವ ಮೊಳಕಾಲ ಮೇಲೆ ಕೈಯೂರಿ ಎದ್ದು ಸೆರಗು ಸರಿಮಾಡಿಕೊಂಡಳು.

‘ಅನ್ನಲಿ ಬಿಡವಾ’ ಎಂದಳು. ‘ಅಂವಾನೂ ಆರು ವರ್ಷ ಭಾಳ ತ್ರಾಸ ತಗೊಂಡಾನ.’